ಆರ್ಲೋನ ಕಿವಿಗಳು

ಆರ್ಲೋ ಬ್ಯಾಕ್‌ಸ್ಟ್ರಮ್ ಈವರೆಗೆ ಒಬ್ಬನೇ ಒಬ್ಬ ಕೊಲೆಗಾರನನ್ನೂ ಹಿಡಿದವನಲ್ಲ. ಅಮೆರಿಕದ ದೊಡ್ಡ ಸರೋವರವೊಂದರ ದಡದಲ್ಲಿರುವ ಡುಲೂತ್ ಊರಿನ 'ಕಪ್ಪು ಕೊಡೆ' ಪುಸ್ತಕದಂಗಡಿಯಲ್ಲಿ ಸಂಬಳಕ್ಕೆ ಕೂತು ಕೊಲೆ, ದರೋಡೆ, ವಿಷಪ್ರಾಶನ, ಅಪಹರಣ ಅಂತ ವರ್ಷಗಟ್ಟಲೆ ಓದಿದ್ದಾನೆ. ಒಂದು ಸಲವಾದರೂ ಕೊನೆಯ ಅಧ್ಯಾಯಕ್ಕೆ ಮುಂಚೆ ಅವನಿಗೆ ಗುಟ್ಟು ಹೊಳೆದದ್ದಿಲ್ಲ. ತೋಟದ ಮಾಲಿಯ ಮೇಲೆ ಅನುಮಾನಪಟ್ಟರೆ ಮಾಲಿಯೇ ಮುಂದಿನ ಹೆಣ. ಅಂಗಡಿಯ ಫ್ರಿಜ್ಜಿನಲ್ಲಿಟ್ಟ ಅವನ ಮಧ್ಯಾಹ್ನದ ಸ್ಯಾಂಡ್‌ವಿಚ್ಚನ್ನು ಯಾರೋ ಆಗಾಗ ಅರ್ಧ ತಿಂದಿಡುತ್ತಿದ್ದರು. ಅಂಗಡಿಯಲ್ಲಿದ್ದವರೇ ಇಬ್ಬರು: ಅವನು ಮತ್ತು ಒಡತಿ ಸೋಲ್ವೇಗ್. ಆರ್ಲೋ ಆ ಪ್ರಕರಣವನ್ನು ತುಂಬಾ ದಿನ ತನಿಖೆ ಮಾಡಿ, ಕೊನೆಗೆ ಇಲಿಯ ಮೇಲೆ ಹೊರಿಸಿ ಮುಗಿಸಿದ್ದ.

ಆದರೆ ಅವನ ಅನ್ನ ಹುಟ್ಟುತ್ತಿದ್ದದ್ದೇ ಈ ದಡ್ಡತನದಿಂದ. ಪ್ರತಿ ಪುಸ್ತಕಕ್ಕೂ ಮನಸಾರೆ ಮೋಸಹೋಗುವವನು ಹೇಳುವ ಶಿಫಾರಸಿಗೆ ಒಂದು ತೂಕವಿರುತ್ತದೆ. ಕಾಲೇಜಿನಲ್ಲಿ ಅರಣ್ಯಶಾಸ್ತ್ರಕ್ಕೆ ಸೇರಿ, ಮರಗಳು ಒಂದೇ ಥರ ಕಾಣುತ್ತವೆ ಅಂತ ಬಿಟ್ಟು, ಕ್ರಿಸ್‌ಮಸ್ ಸಮಯದ ಗಿರಾಕಿಗಳ ನೂಕುನುಗ್ಗಲಿಗೆ ಅಂಗಡಿಗೆ ಕೈಯಾಳಾಗಿ ಬಂದವನು ಹಾಗೇ ಉಳಿದುಕೊಂಡ. ಅವನು ಮೆಚ್ಚಿದ ಹೊಸ ಪುಸ್ತಕದ ಕೆಳಗೆ, ಕಪಾಟಿನ ಅಂಚಿಗೆ, ಅವನ ಕೈಬರಹದ ಒಂದು ಚೀಟಿ ಸಿಕ್ಕಿಸಿರುತ್ತಿತ್ತು: 'ಓದಿದ್ದೇನೆ. ಮೋಸಹೋಗಿದ್ದೇನೆ. — ಆರ್ಲೋ.' ಅಷ್ಟೇ. ಅಷ್ಟಕ್ಕೇ ಜನ ಪುಸ್ತಕ ಎತ್ತಿಕೊಳ್ಳುತ್ತಿದ್ದರು. ಅವನ ಬಳಿ ಆಸ್ತಿ ಅಂತ ಇದ್ದದ್ದು ಅದೊಂದೇ: ಆರ್ಲೋ ಹೇಳಿದ ಪುಸ್ತಕವನ್ನು ಆರ್ಲೋ ಓದಿರುತ್ತಾನೆ ಎನ್ನುವ ನಂಬಿಕೆ.

ಈ ನಂಬಿಕೆಯ ಕೀಲಿಕೈ ಐಲಿ ಕಾರ್ವೊನೆನ್ ಎಂಬ ಮುದುಕಿಯ ಹತ್ತಿರ ಇತ್ತು. ಐಲಿ ಅದಿರು ಸಾಗಿಸುವ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಅಡುಗೆಮನೆಯಿಂದ ಹಣ್ಣಿನ ಪೈ ಕದ್ದು ತಿಂದ ನಾವಿಕ ಯಾರು ಅಂತ ಸಾಲಾಗಿ ನಿಂತ ಮುಖಗಳನ್ನು ನೋಡಿಯೇ ಹೇಳುತ್ತಿದ್ದಳಂತೆ. ಈಗ ಗುಡ್ಡದ ಮೇಲಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವ ಹೆಂಗಸರಿಗೆಲ್ಲ ಅವಳು ಹೇಳಿದ್ದೇ ಪುಸ್ತಕ. ಅವಳಿಗೆ ಹೇಳುವವನು ಆರ್ಲೋ.

ಇಬ್ಬರ ನಡುವೆ ಒಂದು ರೂಢಿ ಬೆಳೆದಿತ್ತು. ಐಲಿ ಪುಸ್ತಕವನ್ನು ಅರ್ಧ ಓದಿ, ಉಲ್ಲನ್ ದಾರ ಗುರುತಿಟ್ಟು, ಬಸ್ಸು ಹತ್ತಿ ಅಂಗಡಿಗೆ ಬರುತ್ತಿದ್ದಳು. ಗಲ್ಲಾದ ಮೇಲೆ ಬಗ್ಗಿ ಅವನ ಕಿವಿಯಲ್ಲಿ ಕೊಲೆಗಾರನ ಹೆಸರು ಪಿಸುಗುಟ್ಟಿ, ಹಿಂದೆ ಸರಿದು ಅವನ ಮುಖ ನೋಡುತ್ತಿದ್ದಳು. ಹೌದು ಅಂತಲೂ ಇಲ್ಲ ಅಂತಲೂ ಹೇಳಬಾರದು ಎನ್ನುವುದು ಅಂಗಡಿಯ ನಿಯಮ. ಆರ್ಲೋ ಬಾಯಿ ಬಿಗಿಹಿಡಿಯುತ್ತಿದ್ದ. ಹೆಸರು ಪ್ರತಿ ಸಲವೂ ಸರಿಯಾಗಿರುತ್ತಿತ್ತು, ಕಿವಿಗಳು ಮಾತ್ರ ಬೀಟ್‌ರೂಟ್ ಆಗುತ್ತಿದ್ದವು.

"ಹಾಂ. ಸಾಕು ಬಿಡು, ಗೊತ್ತಾಯ್ತು," ಅನ್ನುತ್ತಿದ್ದಳು ಐಲಿ. ಗೆದ್ದ ಗತ್ತಿದ್ದರೂ ದನಿಯಲ್ಲಿ ಸ್ವಲ್ಪ ಬೇಸರ. "ಒಂದಾದ್ರೂ ನನಗೆ ಟೋಪಿ ಹಾಕೋ ಪುಸ್ತಕ ಹುಡುಕೋ ಹುಡುಗಾ. ಸಾಯೋದ್ರೊಳಗೆ ಒಂದ್ಸಲ ಸೋತು ನೋಡ್ಬೇಕು."

ಆ ಬೇಸಿಗೆ ಆರ್ಲೋನಿಗೆ ಅಂಥ ಪುಸ್ತಕ ಸಿಕ್ಕಿತು. 'ಹಿಮಗಟ್ಟಿದ ಗಂಟೆ'. ಸರೋವರದ ಉತ್ತರ ದಂಡೆಯ ಹೊಸ ಲೇಖಕಿಯೊಬ್ಬಳ ಮೊದಲ ಕಾದಂಬರಿ. ಪ್ರಕಾಶಕರು ಅಂಗಡಿಗಳಿಗೆ ತಿಂಗಳುಗಟ್ಟಲೆ ಮೊದಲೇ ಕಳಿಸುವ ಕರಡು ಪ್ರತಿಯಲ್ಲಿ ಅದನ್ನು ಓದಿದ. ಒಂದು ಸಣ್ಣ ಹಳ್ಳಿ, ಗಂಟೆ ಹೊಡೆಯುವವನ ಕೊಲೆ. ಅನುಮಾನ ಚರ್ಚಿನಲ್ಲಿ ಆರ್ಗನ್ ನುಡಿಸುವವನ ಮೇಲೆ, ಪಾದ್ರಿಯ ಹೆಂಡತಿಯ ಮೇಲೆ. ಕೊನೆಗೆ ನೋಡಿದರೆ ಕೊಂದವನು ಊರಿನ ದನದ ಡಾಕ್ಟರು, ಎಲ್ಲರಿಗಿಂತ ಹೆಚ್ಚು ಅತ್ತವನು. ಆರ್ಲೋ ಪುಸ್ತಕ ಮುಚ್ಚಿ, ಪರಮ ಸಂತೋಷದಲ್ಲಿ, ಲಾಂಡ್ರಿಯ ಮೇಲಿನ ತನ್ನ ಕೋಣೆಯ ಗೋಡೆಗೆ ತಲೆ ಚಚ್ಚಿಕೊಂಡ.

ನವೆಂಬರಿನಲ್ಲಿ ಅಚ್ಚಾದ ಪ್ರತಿಗಳು ಬಂದವು. ಮೊದಲನೆಯದು ಐಲಿಗೆ. ವಾರದೊಳಗೆ ಅವಳು ದಾರದ ಗುರುತಿನೊಂದಿಗೆ ಹಾಜರಾದಳು, ಬಗ್ಗಿದಳು, ಪಿಸುಗುಟ್ಟಿದಳು:

"ಆರ್ಗನ್ ನುಡಿಸೋನು."

ಕಿವಿಗಳು ಬೆಳ್ಳಗೇ ಇದ್ದವು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆರ್ಲೋನಿಂದ ಆಗಲಿಲ್ಲ. ಜೋರಾಗಿ ನಕ್ಕ. "ಸೋತ್ರಿ, ಐಲಿ! ಈ ಸಲ ಸೋತ್ರಿ!"

ಅಂಗಡಿಯ ನಿಯಮ ಮುರಿದಿತ್ತು. ಐಲಿಗೆ ಎಷ್ಟು ಖುಷಿಯಾಯಿತೆಂದರೆ ಬಸ್‌ಸ್ಟಾಪಿನವರೆಗೂ ಬೂಟು ಕುಣಿಸುತ್ತಾ ಹೋದಳು.

ಮತ್ತೆ ಬಂದಾಗ ಬೂಟು ಕುಣಿಯುತ್ತಿರಲಿಲ್ಲ. ಅಂಗಡಿಯಲ್ಲಿ ಇಬ್ಬರು ಹೆಂಗಸರು 'ಹಿಮಗಟ್ಟಿದ ಗಂಟೆ'ಯನ್ನೇ ಕೈಯಲ್ಲಿ ಹಿಡಿದು, ಹಿಂಬದಿಯ ರಕ್ಷಾಪುಟ ಓದುತ್ತಾ ನಿಂತಿದ್ದರು. ಐಲಿ ತನ್ನ ಪ್ರತಿಯನ್ನು ಗಲ್ಲಾದ ಮೇಲೆ ಇಟ್ಟಳು.

"ನಾನು ಹೇಳಿದ್ದೇ ಸರಿ ಇತ್ತು," ಅಂದಳು. "ನೀನು ನಕ್ಕೆ."

"ಸಾಧ್ಯವೇ ಇಲ್ಲ. ಕೊನೇ ಅಧ್ಯಾಯ ಸರಿಯಾಗಿ ಓದಿದ್ರಾ?"

"ಓದಿದ್ರಾ ಅಂತ ನನ್ನ ಕೇಳ್ತೀಯಾ? ಆ ಪ್ರಶ್ನೆ ನಾನು ನಿನ್ನ ಕೇಳ್ಬೇಕು ಮಗಾ."

ಆರ್ಲೋನ ನಾಲಿಗೆಯ ತುದಿಗೆ ದನದ ಡಾಕ್ಟರು ಬಂದು ನಿಂತ. ಆದರೆ ಆ ಇಬ್ಬರು ಹೆಂಗಸರು ಪುಸ್ತಕ ಮುಚ್ಚಿ, ಕತ್ತು ಇತ್ತ ತಿರುಗಿಸಿದ್ದರು. ಒಮ್ಮೆ ಮುರಿದ ನಿಯಮವನ್ನು ಎರಡನೇ ಸಲ, ಅದೂ ಕೊಳ್ಳಲು ನಿಂತವರ ಮುಂದೆ ಮುರಿಯಲು ಅವನಿಗೆ ಧೈರ್ಯ ಬರಲಿಲ್ಲ. ಬಾಯಿ ತೆರೆದ, ಮುಚ್ಚಿದ. ನೋಡಿದವರಿಗೆ ಅದು ಸಿಕ್ಕಿಬಿದ್ದವನ ಮೌನದ ಥರವೇ ಕಾಣುತ್ತಿತ್ತು. ಕಿವಿಗಳಂತೂ ತಮ್ಮ ಪಾಡಿಗೆ ಕೆಂಪಾಗಿದ್ದವು.

ಐಲಿ ಕಪಾಟಿಗೆ ಹೋಗಿ ಅವನ ಚೀಟಿಯನ್ನು ಕಿತ್ತು ತಂದು ಅವನ ಮುಂದಿಟ್ಟಳು.

"ಓದಿದ್ದೇನೆ, ಮೋಸಹೋಗಿದ್ದೇನೆ," ಅಂತ ಗಟ್ಟಿಯಾಗಿ ಓದಿದಳು. "ಓದಿದ್ದು ಸುಳ್ಳು. ಮೋಸ ನಿಜ. ಆದ್ರೆ ಹೋಗಿದ್ದು ನಾನು."

ಅವಳು ಹೊರಟಳು. ಇಬ್ಬರಲ್ಲಿ ಒಬ್ಬಾಕೆ ಪುಸ್ತಕವನ್ನು ಮೆಲ್ಲಗೆ ವಾಪಸಿಟ್ಟಳು. ಇನ್ನೊಬ್ಬಾಕೆ ಹವಾಮಾನದ ಬಗ್ಗೆ ಏನೋ ಹೇಳಿದಳು.

ಆರ್ಲೋ ಅಚ್ಚಾದ ಪ್ರತಿಯೊಂದನ್ನು ಬಿಡಿಸಿ ಕೂತ. ಮುಕ್ಕಾಲು ಭಾಗ ಅದೇ ಹಳ್ಳಿ, ಅದೇ ಹಿಮ, ಅದೇ ಹೆಣ. ಅಲ್ಲಿಂದಾಚೆ ದಾರಿ ಕವಲೊಡೆದಿತ್ತು. ದನದ ಡಾಕ್ಟರು ನಿಜವಾಗಿಯೂ ದುಃಖದಿಂದಲೇ ಅತ್ತಿದ್ದ. ಕೊಂದವನು ಆರ್ಗನ್ ನುಡಿಸುವವನು.

"ಅಚ್ಚಿಗೆ ಹೋಗೋ ಮುಂಚೆ ಕೊನೆ ಬದಲಾಯಿಸಿದಾರೆ," ಅಂದಳು ಸೋಲ್ವೇಗ್, ಏನನ್ನೋ ಅಗಿಯುತ್ತಾ. "ಕರಡು ಅಂದ್ರೆ ಕರಡು ಕಣೋ. ಸಾಮಾನ್ಯವಾಗಿ ಅಲ್ಪವಿರಾಮ ಬದಲಾಗತ್ತೆ. ಈ ಸಲ ಕೊಲೆಗಾರನೇ ಬದಲಾದ. ರಕ್ಷಾಪುಟದ ಮೇಲೆ ಬರೆದಿರ್ತಾರಲ್ಲ, ಅಂತಿಮ ಪ್ರತಿ ನೋಡದೆ ಮಾತಾಡ್ಬೇಡಿ ಅಂತ."

ಬರೆದಿರುತ್ತಾರೆ. ಸಿಗರೇಟಿನ ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಸೇದುವವರು ಓದುವಂತೆ ಆರ್ಲೋ ಅದನ್ನು ವರ್ಷಗಳಿಂದ ಓದಿದ್ದ.

"ಐಲಿಗೆ ಫೋನ್ ಮಾಡಿ ವಿಷಯ ಹೇಳು."

"ನಂಬಲ್ಲ. ಕಥೇಲಿ ಇಷ್ಟು ಸಲೀಸಾದ ವಿವರಣೆ ಯಾರು ಕೊಡ್ತಾರೆ ಗೊತ್ತಾ? ಕೊಂದವನು."

"ನೀನು ಈವರೆಗೆ ಕೊಂದವನನ್ನ ಗುರುತಿಸಿದ್ದು ಯಾವಾಗ?"



ಚರ್ಚಿನ ನೆಲಮಾಳಿಗೆಯಲ್ಲಿ ಮಾತು ಹರಡಲು ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಹೆಂಗಸರು ಅಂಗಡಿಗೆ ಬರುವುದೇನೂ ಬಿಡಲಿಲ್ಲ, ಬಿಟ್ಟಿದ್ದರೆ ವಾಸಿಯಿತ್ತು. ಬಂದು, ಆರ್ಲೋ ಏನಾದರೂ ತೋರಿಸಿದರೆ, ತುಂಬಾ ಮೃದುವಾಗಿ ಕೇಳುತ್ತಿದ್ದರು: "ಇದನ್ನ ನಿಜವಾಗ್ಲೂ ಓದಿದೀಯಾ ಕಂದಾ?" ಓದಿದ್ದೇನೆ ಅನ್ನುವಾಗ ಕಿವಿಗಳು ಕೆಂಪಾಗುತ್ತಿದ್ದವು. ಅವರು ಅದನ್ನು ಗಮನಿಸಿ, ಅಡುಗೆ ಪುಸ್ತಕ ಕೊಂಡು ಹೋಗುತ್ತಿದ್ದರು. ಆರ್ಲೋ ಚೀಟಿಗಳನ್ನೆಲ್ಲ ಇಳಿಸಿದ. ತಪ್ಪು ಐಲಿಯದಲ್ಲ ಎನ್ನುವುದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಅವಳು ಕೊಂಡ ಪುಸ್ತಕವನ್ನು ಅವನು ಓದಿರಲಿಲ್ಲ. ಓದಿದ್ದು ಬೇರೆ ಪುಸ್ತಕ. ಹೆಸರು ಮಾತ್ರ ಒಂದೇ.

ಉಳಿದದ್ದು ಒಂದೇ ಸಾಕ್ಷಿ: ಆ ಕರಡು ಪ್ರತಿ. ಕೋಣೆಯಲ್ಲಿ ಹುಡುಕಿದ, ಗೋದಾಮಿನಲ್ಲಿ ಹುಡುಕಿದ, ಇರಲಿಲ್ಲ. ತನಿಖೆ ಎಂದಿನಂತೆ ಇಲಿಯ ಕಡೆಗೆ ತಿರುಗುತ್ತಿದ್ದಾಗ ಸೋಲ್ವೇಗ್ ಕೂಗಿದಳು: "ಶೌಚಾಲಯದಲ್ಲಿ ಮೇಲೆತ್ತಿದ ಕಿಟಕಿ ಜಾರಿ ಬೀಳದ ಹಾಗೆ ಏನೋ ಒತ್ತು ಕೊಟ್ಟಿದ್ಯಲ್ಲ, ಏನು ಅದು?"

ಅದೇ. ಒತ್ತು ಕೊಟ್ಟವನು ಅವನೇ. ಪ್ರತಿ ತೇವಕ್ಕೆ ಊದಿಕೊಂಡು ಬನ್ನಿನಂತಾಗಿತ್ತು.

ಅದನ್ನು ಹಿಡಿದು ಓಡಬೇಕು ಅನ್ನಿಸಿತು. ಓಡಲಿಲ್ಲ. ಮೊದಲು ಅಚ್ಚಾದ ಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಕೊನೆ ಗೊತ್ತಿದ್ದೂ ನಡುವೆ ಮತ್ತೆ ದನದ ಡಾಕ್ಟರ ಮೇಲೇ ಅನುಮಾನಪಟ್ಟ. ಆಮೇಲೆ ಐಲಿಯ ಮನೆಗೆ ಗುಡ್ಡ ಹತ್ತಿದ.

ಐಲಿ ಬಾಗಿಲನ್ನು ಅರ್ಧ ತೆರೆದಳು. ಒಳಗಿನಿಂದ ಏಲಕ್ಕಿ ಬ್ರೆಡ್ಡು ಬೇಯುವ ವಾಸನೆ.

"ಓಹೋ, ಓದದ ಪಂಡಿತರು! ಏನು, ಈಗ ಮನೆಮನೆಗೆ ಬಂದು ಸುಳ್ಳು ಮಾರ್ತೀಯೋ?"

"ನೀವು ಹೇಳಿದ್ದು ಸರಿ ಐಲಿ. ನೀವು ಕೊಂಡಿದ್ದನ್ನ ನಾನು ಓದಿರ್ಲಿಲ್ಲ. ಈಗ ಓದಿದೀನಿ."

ಬಾಗಿಲು ಇನ್ನೊಂದು ಗೇಣು ತೆರೆಯಿತು.

"ಮತ್ತೆ ನಕ್ಕಿದ್ದು ಯಾವುದನ್ನ ಓದಿ?"

ಅವನು ಊದಿದ ಪ್ರತಿಯನ್ನು ಚಾಚಿದ. ಐಲಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮೂಸಿ ನೋಡಿದಳು.

"ಎಲ್ಲಿತ್ತು ಇದು?"

"ಅದು ಬೇಡ ಬಿಡಿ. ಇದು ಅಚ್ಚಿಗೆ ಹೋಗೋ ಮುಂಚಿನದು. ಇದರಲ್ಲಿ ಕೊಂದವನು ಬೇರೆ."

"ಯಾರು?"

ಇಲ್ಲಿ ಗಿರಾಕಿಗಳಿರಲಿಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು: ಅವನು ಓದಿದ್ದು ಸಾಬೀತಾಗುತ್ತಿತ್ತು, ಹೆಸರು ಉಳಿಯುತ್ತಿತ್ತು, ಒಳಗೆ ಕರೆದು ಬ್ರೆಡ್ಡೂ ಕೊಡುತ್ತಿದ್ದಳೇನೋ. ಆರ್ಲೋ ಮೂಗು ಒರೆಸಿಕೊಂಡ.

"ಹೇಳಲ್ಲ," ಅಂದ.

ಬಾಗಿಲು ಮುಚ್ಚಿತು. ಪುಸ್ತಕ ಒಳಗೇ ಉಳಿಯಿತು. ಆರ್ಲೋ ಮತ್ತು ಬ್ರೆಡ್ಡಿನ ವಾಸನೆ ಹೊರಗೆ.

ಸರೋವರದ ಅಂಚಿನಲ್ಲಿ ಹಿಮಗಡ್ಡೆ ಕಟ್ಟುವವರೆಗೂ ಅವಳ ಸುದ್ದಿಯಿಲ್ಲ. ಆರ್ಲೋ ಪುಸ್ತಕಗಳ ಧೂಳು ಹೊಡೆದ, ಕೇಳಿದವರಿಗೆ ಮಾತ್ರ ಹೇಳಿದ, ಕೇಳಿದವರು ಕಡಿಮೆ. ಹೊಸದಾಗಿ ಬಂದ ಕರಡು ಪ್ರತಿಗಳನ್ನು ಓದುವುದನ್ನು ಬಿಡಲಿಲ್ಲ. ಆದರೆ ಅಚ್ಚಾದ ಮೇಲೆ ಇನ್ನೊಮ್ಮೆ ಓದದೆ ಬಾಯಿ ಬಿಡುತ್ತಿರಲಿಲ್ಲ. ಒಂದೇ ಪುಸ್ತಕಕ್ಕೆ ಎರಡು ಸಲ ಮೋಸಹೋಗುವ ಸಾಮರ್ಥ್ಯ ತನಗಿದೆ ಎನ್ನುವುದು ಅವನಿಗೆ ಆಗ ತಿಳಿಯಿತು. ಕಾಲೇಜಿನಲ್ಲಿ ಯಾರೂ ಗುರುತಿಸದ ಪ್ರತಿಭೆ.

ಒಂದು ಬೆಳಿಗ್ಗೆ ಅಂಗಡಿಯ ಹೀಟರು ಕೆಟ್ಟು ಕೂತಿತ್ತು. ಬಾಗಿಲ ಗಂಟೆ ಅಲುಗಿತು. ಐಲಿ. ಕೈಯಲ್ಲಿ ಊದಿದ ಪ್ರತಿ, ಸರಿಯಾಗಿ ನಡುಮಧ್ಯಕ್ಕೆ ಉಲ್ಲನ್ ದಾರ. ಹಿಂದೆ ಚರ್ಚಿನ ಇಬ್ಬರು ಹೆಂಗಸರು ಹಿಮ ಕೊಡವಿಕೊಳ್ಳುತ್ತಾ ನಿಂತರು. ಅವಳು ಯಾರಿಗೂ ನಮಸ್ಕಾರ ಹೇಳದೆ ನೇರ ಗಲ್ಲಾಕ್ಕೆ ಬಂದು ಬಗ್ಗಿದಳು.

"ಪಾದ್ರಿಯ ಹೆಂಡತಿ," ಎಂದು ಪಿಸುಗುಟ್ಟಿದಳು. "ಆರ್ಗನ್ನಿನೋನು ಅಲ್ಲ ಅಂತ ನೀನೇ ನಕ್ಕು ಹೇಳಿದೀಯ. ಉಳಿದೋಳು ಅವಳೇ."

ಹಿಂದೆ ಸರಿದು, ಪೈ ಕದ್ದ ನಾವಿಕರನ್ನು ನೋಡುತ್ತಿದ್ದ ಕಣ್ಣಿನಿಂದ ಅವನನ್ನು ನೋಡಿದಳು.

ಈ ಸಲ ಅವನಿಗೆ ನಗು ಬರಲಿಲ್ಲ. ದನದ ಡಾಕ್ಟರು ಎದೆಯೊಳಗೆಲ್ಲೋ ಕೂತು ಅಳುತ್ತಿದ್ದ. ಆರ್ಲೋ ಕಿಟಕಿಯಾಚೆ, ದಡಕ್ಕೆ ಬರುತ್ತಿದ್ದ ಅದಿರಿನ ಹಡಗನ್ನು ನೋಡಿದ. ಬಾಯಿ ಬಿಗಿಯಾಗಿತ್ತು. ಕಿವಿಗಳ ವಿಷಯ ಏನೂ ಹೇಳುವಂತಿರಲಿಲ್ಲ: ಉಲ್ಲನ್ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದ.

"ಟೋಪಿ ತೆಗಿ," ಅಂದಳು ಐಲಿ.

"ಚಳಿ."

"ತೆಗಿಯೋ ಅಂದ್ರೆ."

"ಹೀಟರ್ ಕೆಟ್ಟಿದೆ ಐಲಿ. ಬೇಕಾದ್ರೆ ಸೋಲ್ವೇಗ್‌ನ ಕೇಳಿ."

ಐಲಿ ಪುಸ್ತಕವನ್ನು ಎದೆಗವಚಿಕೊಂಡಳು. ಬಾಗಿಲವರೆಗೆ ಹೋಗಿ, ಜೊತೆಗೆ ಬಂದ ಹೆಂಗಸರ ಕಡೆ ತಿರುಗಿದಳು.

"ನಾನು ಮನೆಗೆ ಹೋಗ್ತೀನಿ, ಇನ್ನರ್ಧ ಬಾಕಿ ಇದೆ. ನಿಮಗೇನು ಬೇಕೋ ಅವನನ್ನ ಕೇಳ್ಕೊಳ್ಳಿ," ಅಂದಳು. "ಹುಡುಗ ಓದಿದಾನೆ."