ಗಾಳಿಯನ್ನೂ ಬರೆದವರು

ಇವತ್ತು ಮಗಳು ಮೊಬೈಲಿನಲ್ಲಿ, ಯಾವುದೋ ಪುಕ್ಕಟೆ ಸೈಟಿನಲ್ಲಿ, ಜಪಾನಿನ ಅನಿಮೆ ಸಿನಿಮಾ ನೋಡುತ್ತಿದ್ದಳು. "ಹಿಂಗೆ ನೋಡೋದು ಕಳ್ಳತನ ಅಂತಾರಲ್ಲಮ್ಮ, ಹೌದಾ?" ಎಂದು ಕೇಳಿದಳು. ಪರದೆಯ ಮೇಲೆ ಭತ್ತದ ಗದ್ದೆಯೊಂದು ತೂಗುತ್ತಿತ್ತು. ಅದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಅರಕೆರೆಯ ಅಜ್ಜಿಮನೆಗೆ ಹೋಗಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಲ್ಲಿ ಒಮ್ಮೆ ಸೋದರಮಾವ ಪಾಂಡವಪುರದಿಂದ ಕವರಿಲ್ಲದ ಕಾಪಿ ಸೀಡಿಯೊಂದನ್ನು ತಂದಿದ್ದರು. ಅದೂ ಇಂಥದೇ, ಚಿತ್ರ ಬರೆದು ಮಾಡಿದ ಜಪಾನಿನ ಸಿನಿಮಾ. ಮಾತು ಯಾರಿಗೂ ತಿಳಿಯದು. ನಾಟಿ ಮುಗಿಸಿ ಬಂದ ಅಜ್ಜಿ ಕಾಲಿನ ಕೆಸರನ್ನೂ ತೊಳೆಯದೆ ಬಾಗಿಲಲ್ಲೇ ನಿಂತರು. ಟೀವಿಯಲ್ಲಿ ಪೈರಿನ ಮೇಲೆ ಗಾಳಿ ಹಾದುಹೋಯಿತು.

"ಅಯ್ಯೋ, ಗಾಳಿನೂ ಬರ್ದವ್ರಲ್ಲವ್ವಾ!"

ಅಜ್ಜಿಗೊಂದು ಅಭ್ಯಾಸವಿತ್ತು. ಯಾರು ಒಂದು ತುಂಡು ಕಬ್ಬು ಕೊಟ್ಟರೂ ಯಾರ ಗದ್ದೆಯದೆಂದು ಕೇಳದೆ ಬಾಯಿಗಿಡುತ್ತಿರಲಿಲ್ಲ. ತಿಂದಮೇಲೆ ಆ ಮನೆಯವರ ಹೆಸರು ಹೇಳಿ, ಅವರ ಹೊಟ್ಟೆ ತಣ್ಣಗಿರಲಿ ಎನ್ನುತ್ತಿದ್ದರು. ಅವತ್ತೂ ಕೇಳಿದರು: "ಯಾರ್ಲಾ ಇದ ಬರ್ದೋರು?"

"ಕೊನೇಲಿ ಹೆಸ್ರು ಬತ್ತವೆ, ಇರವ್ವ" ಎಂದರು ಮಾವ.

ಬರಲಿಲ್ಲ. ಕಾಪಿ ಮಾಡಿದವನು ಹೆಸರುಗಳು ಬರುವ ಮೊದಲೇ ಸಿನಿಮಾ ಕತ್ತರಿಸಿದ್ದ. ಪರದೆ ಬರೀ ನೀಲಿಯಾಯಿತು. ಅಜ್ಜಿ ಆ ನೀಲಿಗೇ ಕೈಮುಗಿದರು. "ಯಾರಾದ್ರೂ ಆಗ್ಲಿ, ಅವ್ರೊಟ್ಟೆ ತಣ್ಣಗಿರ್ಲಿ."

ಮಗಳ ಸಿನಿಮಾ ಮುಗಿಯಿತು. ಸಾಲುಸಾಲಾಗಿ ಹೆಸರುಗಳು ಮೇಲೇಳತೊಡಗಿದ್ದವು, ಅಷ್ಟರಲ್ಲಿ ರಮ್ಮಿ ಆಟದ ಜಾಹೀರಾತೊಂದು ಬಂದು ಅವನ್ನು ಪೂರಾ ಮುಚ್ಚಿಬಿಟ್ಟಿತು.

"ತೆಗಿಯೇ ಅದನ್ನ" ಎಂದೆ. "ನಮ್ಮಜ್ಜಿಗೆ ಹೆಸರು ಹೇಳ್ಬೇಕು."