ಸಂಜೀವಣ್ಣನ ಉಕ್ಕಿನ ಬಸ್ಸು

ಗಲ್ಫಿನಲ್ಲಿ, ಅಲ್ ಥುಮಾಮಾದಲ್ಲಿರುವ ಮಗಳ ಮನೆಗೆ ಬಂದು ವಾರವಾಗಿತ್ತಷ್ಟೇ. ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಗೆ ಬಂದರೆ ಪಕ್ಕದ ವಿಲ್ಲಾದ ಗೇಟಿಗೆ ವೆಲ್ಡಿಂಗ್ ಶುರುವಾಗಿದೆ. ಕಾದ ಕಬ್ಬಿಣ, ಸುಟ್ಟ ಪೇಂಟು ಎರಡೂ ಬೆರೆತ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಕೈ ತಾನಾಗಿ ಸೊಂಟದ ಕಡೆಗೆ ಹೋಯಿತು, ಅಲ್ಲಿ ಮಗು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹಾಗೆ. ಆ ಮಗುವಿಗೆ ಈಗ ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದೆ. ಅದಕ್ಕೂ ಒಂದು ಮಗುವಿದೆ. ನೀವು ನಗಬಹುದು, ಆದರೆ ಮೂಗಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ನೋಡಿ.

ಕುವೈತ್ ಶತ್ರುವಿನ ವಶವಾಗಿ, ಯುದ್ಧ ಇವತ್ತೋ ನಾಳೆಯೋ ಎಂದು ಎಲ್ಲರೂ ಕಾಯುತ್ತಿದ್ದ ಚಳಿಗಾಲ ಅದು. ನಾವಿದ್ದದ್ದು ಇದೇ ಊರಿನ ಇನ್ನೊಂದು ಬಡಾವಣೆ ಬಿನ್ ಒಮ್ರಾನಿನ ಒಂದು ಫ್ಲಾಟಿನಲ್ಲಿ. ಇವರು ಒಂದು ಸಾರಿಗೆ ಕಂಪನಿಯ ಆಫೀಸಿನಲ್ಲಿದ್ದರು. ಮಗಳು ಅಶ್ವಿನಿ ಆಗಷ್ಟೇ ಮಾತು ಕಲಿಯುತ್ತಿದ್ದಳು. ಮಾತಿಗಿಂತ ಮೊದಲೇ ಅವಳಿಗೆ ದಮ್ಮು ಬಂದಿತ್ತು. ಧೂಳು ಸಾಕು, ಹೊಗೆ ಸಾಕು, ಎದೆಯೊಳಗೆ ಸಣ್ಣ ಸಿಳ್ಳೆ ಶುರುವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಹಳೆಯ ಹಾಡುಗಳನ್ನು ಕೇಳಲು ಕೊಂಡ ರೇಡಿಯೋದಲ್ಲಿ ನಾನು ಹಗಲಿಡೀ ಯುದ್ಧದ ಸುದ್ದಿ ಕೇಳುತ್ತಿದ್ದೆ. ಕಿಟಕಿಗಳಿಗೆಲ್ಲ ಅಗಲದ ಟೇಪು ಅಂಟಿಸಿದ್ದೆವು. ವಿಷಾನಿಲ ಬಂದರೆ ಮೂಗಿಗೆ ಹಿಡಿಯಲು ಬಕೆಟಿನಲ್ಲಿ ಒದ್ದೆ ಟವೆಲ್. ಹೆದರಿಕೆಯಲ್ಲಿ ನಾನು ಕೂಡಿಹಾಕಿದ ರವೆಗೆ ಹುಳ ಹಿಡಿದು, ಯುದ್ಧಕ್ಕಿಂತ ಮೊದಲೇ ಅದನ್ನು ಮುಗಿಸಬೇಕೆಂದು ಮೂರು ಹೊತ್ತೂ ಉಪ್ಪಿಟ್ಟು ಮಾಡಿದೆ. ಇವರು ಒಂದು ದಿನವೂ ಗೊಣಗಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು, ಇವರಿಗೂ ಹೆದರಿಕೆಯಾಗಿದೆ ಎಂದು.

ವಿಮಾನದ ಟಿಕೆಟ್ ಸಿಗುತ್ತಿರಲಿಲ್ಲ. ಉಳಿದದ್ದು ಸಲ್ವಾ ರಸ್ತೆಯೊಂದೇ. ಸೌದಿಯ ಗಡಿ ದಾಟಿ, ದಕ್ಷಿಣಕ್ಕೆ ತಿರುಗಿ, ಎಮಿರೇಟ್ಸ್ ಸೇರಿ, ಅಲ್ಲಿಂದ ಹೇಗಾದರೂ ಊರಿಗೆ ಹೋಗುವುದು. ದಾರಿಯಲ್ಲಿ ಬಾಂಬು ಬಿದ್ದರೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸಂಜೀವಣ್ಣ.

ಸಂಜೀವಣ್ಣ ಮೂಲ್ಕಿ ಕಡೆಯವರು, ಕಂಪನಿಯ ವರ್ಕ್‌ಶಾಪಿನ ಫೋರ್‌ಮನ್. ಅವರ ತಂದೆ ಬ್ರಿಟಿಷರ ಕಾಲದಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಮಹಾಯುದ್ಧದ ಸಮಯದಲ್ಲಿ ಅಲ್ಲಿಯ ಕೆಲಸಗಾರರೇ ಸೇರಿ ಒಂದು ಕವಚದ ರೈಲು ಕಟ್ಟಿದ್ದರಂತೆ. ಗೂಡ್ಸ್ ಡಬ್ಬಿಗಳಿಗೆ ಎರಡು ಪದರ ಉಕ್ಕಿನ ತಗಡು, ನಡುವೆ ಮರಳು, ಬಂದೂಕು ಇಡಲು ಸೀಳುಗಳು. ಇಂಜಿನ್ನಿಗೂ ಅದೇ ಅಂಗಿ. ಸಮುದ್ರದ ಕಡೆಯಿಂದ ಶತ್ರು ಬಂದರೆ ಎಂದು ಅದು ಕರಾವಳಿಯುದ್ದಕ್ಕೂ ಓಡಾಡುತ್ತಿತ್ತಂತೆ. ಬರೀ ಗಾಲಿ ರಿಪೇರಿ ಮಾಡಿ ಗೊತ್ತಿದ್ದವರು ಯುದ್ಧದ ರೈಲು ಕಟ್ಟಿದರು ಎನ್ನುವಾಗ ಸಂಜೀವಣ್ಣನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು.

"ಅಪ್ಪ ರೈಲು ಮಾಡಿದ್ದಾರೆ, ನಮಗೆ ಒಂದು ಬಸ್ಸು ಮಾಡ್ಲಿಕ್ಕೆ ಆಗುದಿಲ್ವಾ ಅಕ್ಕ? ತಗಡಿಗೆ ಹಳೇ ಟ್ಯಾಂಕರ್ ಉಂಟು. ಮರಳಿಗೆ ಇಲ್ಲಿ ಯಾರೂ ದುಡ್ಡು ಕೇಳುದಿಲ್ಲ."

ವರ್ಕ್‌ಶಾಪಿನ ಹಿಂದೆ ಕೆಟ್ಟು ನಿಂತಿದ್ದ ಬಸ್ಸೊಂದಿತ್ತು. ಅರಬಾಬನನ್ನು, ಎಂದರೆ ಕಂಪನಿಯ ಮಾಲೀಕನನ್ನು, ಕೇಳಿದರೆ ಅವನು "ಯಲ್ಲಾ, ಯಲ್ಲಾ", ತೆಗೆದುಕೊಂಡು ಹೋಗಿ ಎಂದು ಕೈ ಬೀಸಿದನಂತೆ, ಅವನ ತಲೆಯಲ್ಲಿ ಅವನದೇ ಸಂಸಾರದ ಚಿಂತೆ. ಸನಯ್ಯದಲ್ಲಿ, ಎಂದರೆ ವರ್ಕ್‌ಶಾಪುಗಳೇ ತುಂಬಿರುವ ಆ ಭಾಗದಲ್ಲಿ, ಡ್ಯೂಟಿ ಮುಗಿದ ಮೇಲೆ ನಮ್ಮ ಗಂಡಸರ ಕೆಲಸ ಶುರುವಾಯಿತು. ಪೆನ್ನು ಬಿಟ್ಟು ಬೇರೇನೂ ಹಿಡಿಯದ ಇವರು ಕೂಡ ಮರಳು ಜರಡಿ ಹಿಡಿದು, ಕೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬರುತ್ತಿದ್ದರು. ಬಂದು ಒಳ್ಳೆಯ ನಿದ್ದೆ ಮಾಡುತ್ತಿದ್ದರು. ನಿದ್ದೆ ಬಾರದ ನಾನು ಅವರ ಗೊರಕೆಯ ಮೇಲೂ ಹೊಟ್ಟೆಕಿಚ್ಚು ಪಟ್ಟದ್ದುಂಟು.

ತಂದೆಯ ರೈಲಿಗಿಲ್ಲದ ಒಂದು ಹೆಚ್ಚುಗಾರಿಕೆಯನ್ನು ಸಂಜೀವಣ್ಣ ಸೇರಿಸಿದರು. ಆ ಕಾಲದಲ್ಲಿ ಗುಂಡಿನ ಹೆದರಿಕೆ ಮಾತ್ರ, ನಮಗೆ ವಿಷಾನಿಲದ್ದೂ ಇತ್ತಲ್ಲ. ಒಂದೊಂದು ಕಿಟಕಿ ಮುಚ್ಚಿ, ಒಂದೊಂದು ಸಂದಿಗೆ ವೆಲ್ಡಿಂಗ್ ಹೊಡೆದು, ಮೇಲೆ ಡಾಂಬರು ಬಳಿದರು. ಡ್ರೈವರನ ಎದುರಿನ ಗಾಜು ಮಾತ್ರ ಉಳಿಸಿ, ಅವನ ಸೀಟಿನ ಹಿಂದೆಯೂ ಅದೇ ಎರಡು ಪದರದ ಗೋಡೆ ಎಬ್ಬಿಸಿದರು. ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಹೊರಗಿನಿಂದ ಚಿಲಕ. ಬಾಗಿಲು ಹಾಕಿದರೆ ಒಳಗೆ ಸೂಜಿಮೊನೆಯಷ್ಟು ಬೆಳಕು ಬರಬಾರದು, ಅದು ಅವರ ಪರೀಕ್ಷೆ. ಒಳ್ಳೆಯ ಕೆಲಸಗಾರ ಮನಸ್ಸಿಟ್ಟು ಮಾಡಿದ ಕೆಲಸ ಎಷ್ಟು ಅಚ್ಚುಕಟ್ಟಾಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಒಂದು ಶುಕ್ರವಾರ ಓಡಿಸಿ ನೋಡುವುದೆಂದಾಯಿತು. ಊರಿನ ಆಯುಧ ಪೂಜೆಯ ಹಾಗೆ ಕುಂಕುಮ, ಕರ್ಪೂರ, ಚಕ್ರದಡಿಗೆ ಲಿಂಬೆಹಣ್ಣು. ಡ್ರೈವರ್ ಹಮೀದಾಕ ಉಳ್ಳಾಲದ ಬ್ಯಾರಿ, ಬಿಸ್ಮಿಲ್ಲಾ ಹೇಳಿ ಹತ್ತಿದರು. ಲಿಂಬೆಹಣ್ಣು ಅಪ್ಪಚ್ಚಿಯಾದ ರೀತಿ ನೋಡಿಯೇ ನನಗೆ ಆ ಬಸ್ಸಿನ ತೂಕ ಅಂದಾಜಾಯಿತು. ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಕೂರಿಸಿ, ಗಂಡಸರು ಹೊರಗೆ ನಿಂತು ಚಿಲಕ ಹಾಕಿದರು. ಇವರು ಮದುವೆ ದಿಬ್ಬಣ ಕಳಿಸುವವರ ಹಾಗೆ ಕೈ ಬೀಸುತ್ತಿದ್ದರು.

ಬಾಗಿಲು ಮುಚ್ಚಿದ್ದೇ ಕತ್ತಲೆ. ಅಂಥ ಕತ್ತಲೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊಸ ಡಾಂಬರು, ಸುಟ್ಟ ಪೇಂಟು, ಎಲ್ಲಿಂದಲೋ ಡೀಸೆಲ್ಲಿನ ಹೊಗೆ. ಬಸ್ಸು ಹೊರಳಾಡುತ್ತ ಹೊರಟು ಸ್ವಲ್ಪವೇ ಆಗಿತ್ತು, ನನ್ನ ತೊಡೆಯ ಮೇಲೆ ಆ ಸಣ್ಣ ಸಿಳ್ಳೆ ಶುರುವಾಯಿತು. ಬೆನ್ನು ನೀವಿದೆ. ಸಿಳ್ಳೆ ದೊಡ್ಡದಾಯಿತು. ಆಮೇಲೆ ಸಣ್ಣದಾಗುತ್ತ ಬಂತು, ಅದು ಇನ್ನೂ ಕೆಟ್ಟದ್ದು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ತುಟಿ ನೀಲಿಯಾಗಿದೆಯೋ, ಕಣ್ಣು ತೆರೆದಿದೆಯೋ ಒಂದೂ ಗೊತ್ತಾಗದೆ ಬೆರಳಿನಿಂದ ತಡವುತ್ತ ಕೂತೆ. ಎದ್ದು ಗೋಡೆಗೆ ಬಡಿದೆ. ಉಳಿದ ಹೆಂಗಸರೂ ಬಡಿದರು, ಕೂಗಿದರು. ಎರಡು ಪದರ ತಗಡು, ನಡುವೆ ಜರಡಿ ಹಿಡಿದ ಮರಳು. ಹಮೀದಾಕನಿಗೆ ಏನೂ ಕೇಳಲಿಲ್ಲ. ಇವರು ಜರಡಿ ಹಿಡಿದ ಮರಳೇ ಅದು ಎಂದು ಆ ಹೊತ್ತಿನಲ್ಲೂ ನೆನಪಾಗಿ ಸಿಟ್ಟು ಬಂತು.

ಬಸ್ಸು ತಿರುಗಿ ಬಂದು ಬಾಗಿಲು ತೆರೆದಾಗ ಮಗುವನ್ನು ಎತ್ತಿಕೊಂಡು ಹಾರಿದೆ. ಬಿಸಿಲಿನಲ್ಲಿ ನೋಡಿದರೆ ಅವಳ ತುಟಿ ನೀಲಿಯಾಗಿತ್ತು. ಮುಖದ ಮೇಲೆ ಗಾಳಿ ಬಿದ್ದು, ಬಾಟಲಿಯ ಔಷಧಿ ಒಳಗೆ ಹೋಗಿ, ತುಟಿಯ ಬಣ್ಣ ನಿಧಾನವಾಗಿ ಮರಳಿತು. ಇವರು ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟಿದ್ದರು.

"ಸಂಜೀವಣ್ಣ," ಎಂದೆ, "ನಿಮ್ಮ ಅಪ್ಪನ ರೈಲಿನ ಒಳಗೆ ಜನ ಹೇಗೆ ಕೂತುಕೊಳ್ತಿದ್ರು?"

ಸಂಜೀವಣ್ಣನ ಮುಖ ನೋಡಿದರೆ ಏನೋ ಈಗಷ್ಟೇ ನೆನಪಾದ ಹಾಗಿತ್ತು.

"ಒಳಗೆ ಯಾರು ಕೂತದ್ದು ಅಕ್ಕ? ಬಿಸಿಲಿಗೆ ತಗಡು ಕಾವಲಿಯ ಹಾಗೆ ಕಾಯ್ತಿತ್ತಂತೆ. ಸಿಪಾಯಿಗಳೆಲ್ಲ ಡಬ್ಬಿಯ ಮಾಡಿನ ಮೇಲೆ ಗೋಣಿ ಹಾಸಿ ಕೂತದ್ದು. ಅಪ್ಪ ಅದನ್ನು ಹೇಳಿ ಹೇಳಿ ನಗ್ತಿದ್ರು. ನನಗೆ ಆ ಭಾಗ ಮರ್ತೇ ಹೋಗಿತ್ತು ಮಾರಾಯ್ರೆ."

ಯಾರೂ ನಗಲಿಲ್ಲ. ಮರುದಿನವೇ ಅವರು ಗ್ಯಾಸ್ ಕಟ್ಟರ್ ಹಿಡಿದು ಬಸ್ಸಿಗೆ ಕಿಂಡಿ ಕೊರೆದರಂತೆ. ಕೊರೆದಲ್ಲೆಲ್ಲ ಮರಳು ಸೋರಿ ಪಕ್ಕದಲ್ಲಿ ಗುಪ್ಪೆ ಬಿತ್ತಂತೆ. ಕೆಲವರು ಆಗಲೂ ಆ ಬಸ್ಸನ್ನೇ ನಂಬಿದ್ದರು. ಇವರೂ ಮೆಲ್ಲಗೆ ಕೇಳಿದರು, "ಹೊರಡಲೇಬೇಕಾದ ದಿನ ಬಂದರೆ?"

"ನೀವು ಹೋಗಿ. ನಾವಿಬ್ಬರು ಬರುವುದಿಲ್ಲ," ಎಂದೆ. ಹೇಳಿ, ಮಗು ಮಲಗುವ ಕೋಣೆಯ ಕಿಟಕಿಯ ಟೇಪು ಕಿತ್ತು, ಅದನ್ನು ತೆರೆದಿಟ್ಟೆ. ಧೈರ್ಯದಿಂದಲ್ಲ. ಹೊರಗಿನಿಂದ ಬರುವ ವಿಷವನ್ನು ನಾನು ರೇಡಿಯೋದಲ್ಲಿ ಕೇಳಿದ್ದೆ ಅಷ್ಟೇ, ಒಳಗೆ ಉಸಿರು ನಿಲ್ಲುವುದನ್ನು ತೊಡೆಯ ಮೇಲೆ ಕಂಡಿದ್ದೆ. ಇವರೂ ಹೋಗಲಿಲ್ಲ. ಯುದ್ಧ ಶುರುವಾಗಿ ಮುಗಿಯುವವರೆಗೆ, ಆ ತೆರೆದ ಕಿಟಕಿಯಿಂದ ಮಗಳನ್ನು ನಾನೇ ಕೊಲ್ಲುತ್ತಿದ್ದೇನೆಯೇ ಎಂದು ದಿನವೂ ಕೇಳಿಕೊಂಡೆ. ಬಿನ್ ಒಮ್ರಾನಿನ ಮೇಲೆ ಏನೂ ಬೀಳಲಿಲ್ಲ. ಬಸ್ಸೂ ಎಲ್ಲಿಗೂ ಹೊರಡಲಿಲ್ಲ.

ಇದನ್ನು ಅಶ್ವಿನಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಇವತ್ತು ಹೇಳಿದೆ. ಕೇಳಿಯೇಬಿಟ್ಟಳು.

"ಮಿಸೈಲ್ ಬಂದಿದ್ರೆ ಅಮ್ಮ? ಫ್ಲಾಟಲ್ಲಿ ಏನಿತ್ತು, ಒಂದು ವೆಟ್ ಟವೆಲ್! ಯೂ ವರ್ ಜಸ್ಟ್ ಲಕ್ಕಿ. ನಾನಾಗಿದ್ರೆ ಮಗನನ್ನು ಕರ್ಕೊಂಡು, ಇನ್ಹೇಲರ್ ಹಿಡ್ಕೊಂಡು, ಡಾರ್ಕ್ ಇದ್ರೂ ಪರವಾಗಿಲ್ಲ ಅಂತ ಆ ಬಸ್ಸಲ್ಲೇ ಕೂತಿರ್ತಿದ್ದೆ, ಯಾರು ಹೇಳಿದ್ರೂ ಇಳೀತಿರ್ಲಿಲ್ಲ, ಅಪ್ಪ ಹೇಳಿದ್ರೂ ಇಳೀತಿರ್ಲಿಲ್ಲ!"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ಉದ್ದದ ಜಗಳವನ್ನು ಅವಳು ನಡುವೆ ಎಲ್ಲೂ ಏದುಸಿರು ಬಿಡದೆ, ಎದೆಯೊಳಗೆ ಆ ಸಿಳ್ಳೆಯೂ ಇಲ್ಲದೆ ಆಡಿ ಮುಗಿಸಿದ್ದಳು. "ಇನ್ನೊಮ್ಮೆ ಹೇಳು," ಎಂದೆ.