ದೇವರಿಲ್ಲದ ಚೀಟಿ

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ಆ ತಂದೆತಾಯಿಯನ್ನು ಹತ್ತೇ ನಿಮಿಷದಲ್ಲಿ ಒಪ್ಪಿಸಿಬಿಟ್ಟೆ ಎಂದು ಮುಂಬಯಿ ಮಾಟುಂಗದ ನಮ್ಮ ಕನ್ನಡ ಸಂಘದವರು ಇಂದಿಗೂ ಹೇಳುತ್ತಾರೆ. ಒಪ್ಪಿಸಿದ್ದು ನಿಜ. ತಪ್ಪಾದದ್ದೇ ಅಲ್ಲಿ.

ಆಸ್ಪತ್ರೆಯ ಮರಾಠಿ ಡಾಕ್ಟರ ಮಾತನ್ನು ದಾಟಿಸಲು ಕನ್ನಡ ಬಲ್ಲವರು ಬೇಕೆಂದು ಸಂಘ ನನ್ನನ್ನು ಕಳಿಸಿತ್ತು. ಮಗುವಿನ ತಂದೆ ಪವಾಯಿಯಲ್ಲಿ ಟೈಲ್ಸ್ ಕೂರಿಸುವವನು; ಗಂಡ ಹೆಂಡತಿ ಇಬ್ಬರೂ ಬಾಗಲಕೋಟೆ ಕಡೆಯವರು. ನಾಲ್ಕು ವರ್ಷದ ಮಗಳ ಕ್ಯಾನ್ಸರ್ ಗಡ್ಡೆಯನ್ನು ಒಂದು ಕಿಡ್ನಿಯ ಸಮೇತ ತೆಗೆದಾಗಿತ್ತು. ಮುಂದೆ ಮೂರು ಔಷಧಿ ಕೊಡುವುದು ವಾಡಿಕೆ. ಮೂರನೆಯದು ಮುಂದೊಂದು ದಿನ ಹೃದಯಕ್ಕೆ ಪೆಟ್ಟು ಕೊಡಬಹುದು. ಇಂಥ ಮಕ್ಕಳಿಗೆ ಅದನ್ನು ಬಿಟ್ಟರೆ ಗಡ್ಡೆ ಮರಳೀತೇ? ವೈದ್ಯರಿಗೂ ಗೊತ್ತಿಲ್ಲ, ತಿಳಿಯಲೆಂದೇ ಅಧ್ಯಯನ. ಅದಕ್ಕೆ ಸೇರಲು ಒಪ್ಪಿದವರ ಮಗುವಿಗೆ ಮೂರೋ ಎರಡೋ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಬೇಡವೆಂದವರಿಗೆ ಎಂದಿನಂತೆ ಮೂರು.

"ಚೀಟಿ ಎತ್ತಿದ ಹಾಗೆ," ಎಂದೆ. ಹೋಲಿಕೆ ಹೊಳೆದದ್ದಕ್ಕೆ ನನಗೇ ಖುಷಿ.

ತಂದೆಯ ಮುಖ ಅರಳಿತು. "ಹಂಗಾರ ಎಲ್ಲಿ ಸಹಿ ಮಾಡ್ಲಿ, ಹೇಳ್ರಿ."

ಪೆನ್ನು ಕೊಡುವಷ್ಟರಲ್ಲಿ ತಾಯಿ ಕೇಳಿದರು: "ಅಕ್ಕಾರ, ಕೂಸಿನ ಹೆಸರು ಹೇಳಿ ಕೈ ಮುಗದ ಎತ್ತತಾರಲ್ರಿ? ನಮ್ಮೂರಾಗ ಮದುವಿ, ಬೋರು, ಎಲ್ಲಾ ದೇವರ ಮುಂದ ಚೀಟಿ ಹಾಕೇ. ಯಾವುದು ಛಲೋನೋ ಅದೇ ಬರತೈತಿ."

ಅವರ ಚೀಟಿಗೆ ಎಲ್ಲವೂ ಗೊತ್ತು. ಕಂಪ್ಯೂಟರಿನ ಚೀಟಿಗೆ ಏನೂ ಗೊತ್ತಿರಬಾರದು; ಅಧ್ಯಯನದ ಜೀವವೇ ಅದು. ಮಗಳ ಔಷಧಿಯನ್ನು ಅವರು ದೇವರಿಗೆ ಬಿಡುತ್ತಿದ್ದರು, ಅದೂ ನನ್ನ ಮಾತು ನಂಬಿ. ಪೆನ್ನು ಹಿಂದಕ್ಕೆ ತೆಗೆದುಕೊಂಡೆ.

"ನಾನು ತಪ್ಪು ಹೇಳಿದೆ. ಇದು ದೇವರಿಲ್ಲದ ಚೀಟಿ. ನಿಮ್ಮ ಮಗಳಿಗೆ ಯಾವುದು ಒಳ್ಳೇದು ಅಂತ ಅದಕ್ಕೆ ತಿಳಿಯೋದಿಲ್ಲ."

"ಅಂಥಾ ಚೀಟಿ ಯಾಕ ಬೇಕ್ರಿ? ಡಾಕ್ಟರೇ ಆರಿಸಲಿ!" ಎಂದರು ತಾಯಿ.

"ಡಾಕ್ಟರ್ ಆರಿಸಿದ್ರೆ ಗಟ್ಟಿ ಮಕ್ಕಳಿಗೆಲ್ಲ ಒಂದೇ ಥರ ಕೊಟ್ಟಾರು. ಆಮೇಲೆ ಗೆದ್ದದ್ದು ಔಷಧಿಯೋ ಮಗುವೋ, ಹೇಗೆ ಹೇಳ್ತೀರಿ?"

ಆಕೆ ಯೋಚಿಸಿದರು. "ಅಂದ್ರ ನಿಮಗ ಯಾರಿಗೂ ಗೊತ್ತಿಲ್ಲ."

"ಇಲ್ಲ."

"ಇಷ್ಟ್ ಓದಿ?" ಎಂದು ಗಂಡ ನಕ್ಕ.

"ಗೊತ್ತಿಲ್ಲ ಅಂತ ಒಪ್ಪಾಕೂ ಓದಬೇಕಾಗತೈತಿ. ನೀವು ಸುಮ್ಕಿರ್ರಿ!"

ಎಷ್ಟು ವೇದಿಕೆ ಹತ್ತಿದ್ದೇನೆ, ಇಂಥ ಎದುರಾಳಿ ಸಿಕ್ಕಿರಲಿಲ್ಲ. ಮೂರನೆಯದನ್ನು ಬಿಟ್ಟವರಲ್ಲಿ ಗಡ್ಡೆ ಮರಳಿದರೆ ಏನು ಮಾಡುತ್ತೀರಿ? ನಡುವೆ ಬೇಡವೆನಿಸಿದರೆ ಹೊರಬರಬಹುದೇ? ಒಂದರ ಹಿಂದೊಂದು ಪ್ರಶ್ನೆ. ಎದುರಿಗೆ ಕೂತ ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ, ಕನ್ನಡದ್ದನ್ನು ಮರಾಠಿಗೆ ದಾಟಿಸುತ್ತ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಸಂಘದವರ ಹತ್ತು ನಿಮಿಷ ಒಂದು ಗಂಟೆಯಾಗಿತ್ತು.

ಕೊನೆಗೆ ತಾಯಿಯೇ ಪೆನ್ನು ಕೇಳಿ ತೆಗೆದುಕೊಂಡರು. ಸಹಿಯ ಗೆರೆಯ ಮೇಲಿಟ್ಟು, ನನ್ನನ್ನು ಬಿಟ್ಟು ನೇರ ಡಾಕ್ಟರನ್ನೇ ನೋಡಿದರು. ಆಗ ಅವರು ಕೇಳಿದ ಈ ಮಾತನ್ನು ಒಂದಕ್ಷರ ಬಿಡದೆ ಮರಾಠಿಗೆ ತಿರುಗಿಸಿದೆ. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾಕಾರು ವರ್ಷ ಬಿಟ್ಟು ಯಾವುದು ಛಲೋ ಅಂತ ನಿಮಗ ತಿಳೀತೈತಿ. ನಮ್ಮಕಿಗೆ ಕೊಟ್ಟಿದ್ದು ಛಲೋದಲ್ಲ ಅಂತ ಗೊತ್ತಾದ್ರೂ, ಫೋನ್ ಮಾಡಿ ಹೇಳ್ತೀರೇನ್ರಿ, ಡಾಕ್ಟರ?"